ಹಿಮ ದೂಡುವ ಬ್ಲೇಡು ನಮ್ಮ ರಾಡಿಗೆ ಆದೀತೇ?

ಯಂತ್ರ ಮತ್ತು ತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಮಿನೆಸೋಟಾದಲ್ಲಿದ್ದಾರೆ. ಪೇಟೆಯಿಂದ ಹೊರಗೆ ಮನೆ. ಊರ ರಸ್ತೆಯಿಂದ ಗ್ಯಾರೇಜಿನವರೆಗೆ 60 ಮೀಟರ್ ಜಲ್ಲಿ ದಾರಿ. ಅಳಿಯಂದಿರು ಯುಟಿವಿ ಎಂಬ ಸಣ್ಣ ಗಾಡಿಯ ಮುಂದೆ ಬ್ಲೇಡು ಕಟ್ಟಿ ಹಿಮ ದೂಡುತ್ತಾರೆ. ಡಿಸೆಂಬರಿನಲ್ಲಿ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಅವರು ಕೆಲಸದ ಮೇಲೆ ಪರವೂರಿಗೆ ಹೋದಾಗ ನಾನೇ ಅದನ್ನು ಓಡಿಸಬಹುದೇ? ಇಲ್ಲಿ ಬಹಳ ವರ್ಷದಿಂದ ಟ್ರಾಕ್ಟರ್ ಓಡಿಸಿ ರೂಢಿಯಿದೆ.
ಹುಲೇಕಲ್ ಕಡೆಯ ಓದುಗರು, ಶಿರಸಿ ತಾಲ್ಲೂಕು

ಉತ್ತರ: ಧಾರಾಳವಾಗಿ ಓಡಿಸಬಹುದು. ಆದರೆ ಟ್ರಾಕ್ಟರಿನ ಒಂದು ರೂಢಿಯನ್ನು ಇಲ್ಲೇ ಬಿಟ್ಟು ಹೋಗಬೇಕು. ಟ್ರಾಕ್ಟರಿನಲ್ಲಿ ಭಾರ ಬಿದ್ದಾಗ ಇಂಜಿನ್ ಗೊಣಗುತ್ತದೆ, ನಮಗೆ ಗೊತ್ತಾಗುತ್ತದೆ. ಹೆಚ್ಚಿನ ಯುಟಿವಿಗಳಲ್ಲಿ ಸ್ಕೂಟರಿನಲ್ಲಿರುವಂಥ ರಬ್ಬರ್ ಬೆಲ್ಟಿನ ಚಾಲನೆ ಇರುತ್ತದೆ. ಭಾರ ಮೀರಿದರೆ ಇಂಜಿನ್ ಸುಮ್ಮನೆ ಕೂಗುತ್ತಿರುತ್ತದೆ, ಬೆಲ್ಟು ಒಳಗೇ ಜಾರಿ ಸುಡುತ್ತದೆ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬರುವ ಹೊತ್ತಿಗೆ ಬೆಲ್ಟಿನ ಒಂದು ಕಡೆ ಸವೆದು ಚಪ್ಪಟೆಯಾಗಿರುತ್ತದೆ. ಆದ್ದರಿಂದ ಬ್ಲೇಡು ನೆಲಕ್ಕಿಳಿದಾಗಲೆಲ್ಲ ಗೇರು 'ಲೋ'ದಲ್ಲೇ ಇರಲಿ, ನಾಲ್ಕೂ ಚಕ್ರದ ಚಾಲನೆ ಹಾಕಿರಲಿ. ವೇಗ ಗಂಟೆಗೆ 8ರಿಂದ 10 ಕಿಲೋಮೀಟರ್ ಸಾಕು. ಹೋಂಡಾ ಪಯೋನಿಯರ್ 1000ದಂಥ ಕೆಲವು ಗಾಡಿಗಳಲ್ಲಿ ಬೆಲ್ಟೇ ಇಲ್ಲ, ಗೇರುಗಳೇ ಇವೆ. ಅಳಿಯಂದಿರ ಗಾಡಿ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಬ್ಲೇಡು ಸಾಮಾನ್ಯವಾಗಿ 66 ಅಥವಾ 72 ಇಂಚು ಅಗಲದ್ದು. 72 ಇಂಚಿನದನ್ನು 30 ಡಿಗ್ರಿ ಓರೆಗೆ ತಿರುಗಿಸಿದರೆ ಅದು ಸವರುವ ಅಗಲ ಸುಮಾರು 62 ಇಂಚಿಗೆ ಇಳಿಯುತ್ತದೆ. ಗಾಡಿಯ ಚಕ್ರಗಳ ಹೊರ ಅಗಲ ಅದಕ್ಕಿಂತ ಹೆಚ್ಚಾಗಿರಬಾರದು. ಹೆಚ್ಚಾದರೆ ಒಂದು ಬದಿಯ ಚಕ್ರ ಹಿಮದ ಮೇಲೆ ಹತ್ತಿ ಅದನ್ನು ಅದುಮುತ್ತದೆ. ಅದುಮಿದ ಹಿಮ ರಾತ್ರಿ ಕಳೆಯುವುದರೊಳಗೆ ಗಟ್ಟಿ ಮಂಜುಗಡ್ಡೆ, ಮತ್ತೆ ಬ್ಲೇಡಿಗೆ ಬಗ್ಗುವುದಿಲ್ಲ. ಇದೇ ಕಾರಣಕ್ಕೆ ಹಿಮ ಬಿದ್ದ ಮೇಲೆ ದಾರಿಯಲ್ಲಿ ಕಾರು ಓಡಾಡುವ ಮೊದಲೇ ದೂಡಬೇಕು. ದಿನವಿಡೀ ಸುರಿಯುವ ಲಕ್ಷಣ ಕಂಡರೆ 15 ಸೆಂಟಿಮೀಟರ್ ಆಗುತ್ತಲೇ ಒಮ್ಮೆ ದೂಡಿ, ನಿಂತ ಮೇಲೆ ಇನ್ನೊಮ್ಮೆ ದೂಡಿ. ಎಲ್ಲ ಒಟ್ಟಾದ ಮೇಲೆ ನೋಡಿಕೊಳ್ಳೋಣ ಎಂದು ಕೂತರೆ ಗಾಡಿಯ ಶಕ್ತಿ ಸಾಲುವುದಿಲ್ಲ.

ಅಲ್ಲಿರುವುದು ಜಲ್ಲಿ ದಾರಿ. ಬ್ಲೇಡಿನ ಎರಡೂ ತುದಿಗೆ ಕೆಳಗೆ ಕಬ್ಬಿಣದ ತಟ್ಟೆಯಂಥ ಪಾದಗಳಿರುತ್ತವೆ, ಸ್ಕಿಡ್ ಶೂ ಎನ್ನುತ್ತಾರೆ. ಬ್ಲೇಡಿನ ಅಂಚು ನೆಲದಿಂದ 12ರಿಂದ 20 ಮಿಲಿಮೀಟರ್ ಮೇಲಿರುವಂತೆ ಇವುಗಳ ವಾಷರು ಹೊಂದಿಸಿ. ನೆಲ ಇನ್ನೂ ಹೆಪ್ಪುಗಟ್ಟಿರದ ದಿನಗಳಲ್ಲಿ ಬಿದ್ದ ಮೊದಲ ಹಿಮವನ್ನು ಪೂರ್ತಿ ಕೆರೆಯಲು ಹೋಗಬೇಡಿ. ಒಂದೆರಡು ಸೆಂಟಿಮೀಟರ್ ಹಾಗೇ ಗಟ್ಟಿಯಾಗಲಿ, ಅದೇ ಜಲ್ಲಿಯನ್ನು ಹಿಡಿದಿಡುತ್ತದೆ. ಇಲ್ಲವಾದರೆ ವಸಂತದಲ್ಲಿ ಹುಲ್ಲುಹಾಸಿನಿಂದ ಜಲ್ಲಿ ಆರಿಸುವ ಕೆಲಸ ಅತ್ತೆ ಮಾವನ ಪಾಲಿಗೇ ಬರುತ್ತದೆ.

ಬ್ಲೇಡಿನ ಹಿಂದೆ ಸ್ಪ್ರಿಂಗುಗಳಿವೆ. ಹಿಮದಡಿ ಕಲ್ಲೋ ಬೇರೋ ತಾಗಿದರೆ ಬ್ಲೇಡು ಮುಂದಕ್ಕೆ ಬಾಗಿ ದಾಟಿಕೊಳ್ಳಲಿ ಎಂದು. ಏನೂ ತಾಗದೆಯೂ ಬ್ಲೇಡು ಮತ್ತೆ ಮತ್ತೆ ಬಾಗುತ್ತಿದ್ದರೆ ಸ್ಪ್ರಿಂಗು ಸಡಿಲವಾಗಿದೆ, ಇಲ್ಲವೇ ಹಿಮ ನೀರುಗೂಡಿ ಭಾರವಾಗಿದೆ. ಎರಡನೆಯದಾದರೆ ಪೂರ್ತಿ ಅಗಲ ಹಿಡಿಯದೆ ಅರ್ಧರ್ಧ ಅಗಲದಲ್ಲಿ ದೂಡಿ. ಬ್ಲೇಡಿನ ಮುಖಕ್ಕೆ ಮೊದಲೇ ಸಿಲಿಕೋನ್ ಸ್ಪ್ರೇ ಹೊಡೆದಿದ್ದರೆ ಅಂಥ ಹಿಮ ಅಂಟುವುದಿಲ್ಲ.

ಬ್ಲೇಡು ಎತ್ತುವುದಕ್ಕೆ ಹೆಚ್ಚಿನ ಗಾಡಿಗಳಲ್ಲಿ ವಿಂಚೇ (ಕರೆಂಟಿನಿಂದ ಹಗ್ಗ ಸುತ್ತಿ ಎಳೆಯುವ ರಾಟೆ) ಗತಿ. ದಿನಕ್ಕೆ ನೂರು ಸಲ ಅದೇ ಒಂದಡಿ ಹಗ್ಗ ಸುತ್ತಿ ಬಿಚ್ಚುವುದರಿಂದ ಉಕ್ಕಿನ ಹಗ್ಗ ಅಲ್ಲೇ ಎಳೆ ಎಳೆಯಾಗಿ ತುಂಡಾಗುತ್ತದೆ. ನೈಲಾನ್ ಪಟ್ಟಿಯೋ ಸಿಂಥೆಟಿಕ್ ಹಗ್ಗವೋ ಇದ್ದರೆ ಒಳ್ಳೆಯದು. ಬ್ಲೇಡು ಪೂರ್ತಿ ಮೇಲೆ ಬಂದು ತಾಗಿದ ಮೇಲೂ ಗುಂಡಿ ಒತ್ತಿ ಹಿಡಿಯಬೇಡಿ, ಹಗ್ಗ ಹರಿಯುವುದು ಆಗಲೇ. ಇಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗ ವಿಂಚ್ ಎಳೆಯುವಷ್ಟು ಕರೆಂಟು ಹುಟ್ಟುವುದಿಲ್ಲ, ಬ್ಯಾಟರಿಯೇ ಕೊಡಬೇಕು. ಚಳಿಗೆ ಬ್ಯಾಟರಿ ಮೊದಲೇ ಸೋತಿರುತ್ತದೆ. ಎತ್ತುವಾಗ ಸ್ವಲ್ಪ ಆಕ್ಸಿಲರೇಟರ್ ಕೊಡಿ.

ಹಿಂದಿನ ಡಬ್ಬಿಯಲ್ಲಿ 100ರಿಂದ 150 ಕಿಲೋ ಮರಳಿನ ಚೀಲ ಹೇರಿ. ಭಾರ ಹಿಂದಿನ ಅಚ್ಚಿನ ಮೇಲೆ ಬೀಳಬೇಕು. ಗ್ಯಾರೇಜಿನ ಬಾಗಿಲ ಬುಡದ ಹಿಮಕ್ಕೆ ಮುಂದಿನಿಂದ ಹೋಗಿ ಬಾಗಿಲ ಹತ್ತಿರ ಬ್ಲೇಡು ಇಳಿಸಿ, ಹಿಂದಕ್ಕೆ ಎಳೆದುಕೊಂಡು ಬನ್ನಿ. ಆಮೇಲೆ ತಿರುಗಿ ನಿಂತು ದೂಡಿ. ಮೊದಲ ಹಿಮವನ್ನು ದಾರಿಯ ಅಂಚಿನಿಂದ ಆದಷ್ಟು ಆಚೆಗೆ, ಒಂದೂವರೆ ಮೀಟರಾದರೂ, ಹಾಕಿ. ಜನವರಿಗೆ ಬರುವ ಹಿಮಕ್ಕೂ ಜಾಗ ಬೇಕಲ್ಲ. ಅಂಚು ಗೊತ್ತಾಗಲು ನೆಲ ಗಟ್ಟಿಯಾಗುವ ಮೊದಲೇ ನಾಲ್ಕಡಿ ಎತ್ತರದ ಗುರುತುಕೋಲು ನೆಟ್ಟಿರಬೇಕು. ಅಳಿಯಂದಿರಿಗೆ ನವೆಂಬರಿನಲ್ಲೇ ಫೋನು ಮಾಡಿ ನೆನಪಿಸಿ.

ಸಾರ್ವಜನಿಕ ರಸ್ತೆಗೆ ಹಿಮ ದೂಡುವುದು ಮಿನೆಸೋಟಾದಲ್ಲಿ ಕಾನೂನಿಗೆ ವಿರುದ್ಧ. ಸರ್ಕಾರಿ ಹಿಮದ ಲಾರಿ ಬಂದು ನಿಮ್ಮ ದಾರಿಯ ಬಾಯಿಗೇ ಗುಡ್ಡೆ ಹಾಕಿ ಹೋಗುತ್ತದೆ, ಇದು ಅಲ್ಲಿಯವರ ನಿತ್ಯದ ಗೋಳು. ಅಲ್ಲಿ ಗಾಡಿಗಳು ಬಲಬದಿಗೆ ಓಡುವುದರಿಂದ, ಮನೆ ಬೆನ್ನಿಗಿಟ್ಟು ರಸ್ತೆಗೆ ಮುಖ ಮಾಡಿ ನಿಂತರೆ ಲಾರಿ ಎಡಗಡೆಯಿಂದ ಬರುತ್ತದೆ. ಆ ಎಡಬದಿಯ ಅಂಚಿನಲ್ಲಿ ಮೂರ್ನಾಲ್ಕು ಮೀಟರ್ ಉದ್ದ ತೆರವು ಮಾಡಿಟ್ಟರೆ ಲಾರಿ ಹೊತ್ತು ತಂದದ್ದರಲ್ಲಿ ಬಹುಪಾಲು ಅಲ್ಲೇ ಉದುರುತ್ತದೆ.

ಮುಚ್ಚಿದ ಗ್ಯಾರೇಜಿನೊಳಗೆ ಇಂಜಿನ್ ಬೆಚ್ಚಗಾಗಲಿ ಎಂದು ಚಾಲೂ ಮಾಡಿ ಬಿಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಲೆ ಸುತ್ತುವಷ್ಟರಲ್ಲಿ ಕೈಕಾಲು ಬರುವುದಿಲ್ಲ. ಬಾಗಿಲು ತೆರೆದು ಗಾಡಿ ಹೊರಗೆ ತಂದೇ ಬೆಚ್ಚಗೆ ಮಾಡಿ.

ಪ್ರಶ್ನೆ: ಇಂಥ ಬ್ಲೇಡಿನ ವಿಡಿಯೋ ನಾನೂ ನೋಡಿದೆ. ನಮ್ಮದು ಡಾಂಬರು ರಸ್ತೆಯಿಂದ ಮನೆಗೆ 200 ಮೀಟರ್ ಮಣ್ಣಿನ ದಾರಿ, 3 ಮೀಟರ್ ಅಗಲ. ಜುಲೈ ಬಂತೆಂದರೆ ಮೊಣಕಾಲುದ್ದ ರಾಡಿ, ಅಡಿಕೆ ಲೋಡಿನ ಪಿಕಪ್ ಬರುವುದಿಲ್ಲ. 24 ಅಶ್ವಶಕ್ತಿಯ ಮಿನಿ ಟ್ರಾಕ್ಟರ್ ಇದೆ. ಮುಂದೆ ಅಂಥದೇ ಬ್ಲೇಡು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಕೆಸರು ದೂಡಬಹುದೇ?
ಸಿದ್ದಾಪುರ ತಾಲ್ಲೂಕಿನ ಓದುಗರು

ಉತ್ತರ: ಬೇಡ. ಮೊದಲು ತೂಕದ ಲೆಕ್ಕ ನೋಡಿ. ಮೇಲಿನ ಪ್ರಶ್ನೆಯ 60 ಮೀಟರ್ ದಾರಿ 4 ಮೀಟರ್ ಅಗಲವಿದ್ದು 15 ಸೆಂಟಿಮೀಟರ್ ಹಿಮ ಬಿದ್ದರೆ ಅದು 36 ಘನ ಮೀಟರ್. ನೀರುಗೂಡದ ಹೊಸ ಹಿಮ ಘನ ಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ, ಒಟ್ಟು 3.6 ಟನ್. ಅದೇ ದಾರಿಯಲ್ಲಿ ಬರೀ 5 ಸೆಂಟಿಮೀಟರ್ ಕೆಸರಿದ್ದರೆ 12 ಘನ ಮೀಟರ್, ಘನ ಮೀಟರಿಗೆ 1,700 ಕಿಲೋ ಹಿಡಿದರೂ 20 ಟನ್ ದಾಟುತ್ತದೆ. ದಪ್ಪದಲ್ಲಿ ಮೂರನೇ ಒಂದು ಪಾಲು, ತೂಕದಲ್ಲಿ ಐದಾರು ಪಟ್ಟು.

ಎರಡನೆಯದು ಟ್ರಾಕ್ಟರಿನ ಮೈಕಟ್ಟು. ಯುಟಿವಿಗೆ ಅಡಿಯಲ್ಲಿ ಚಾಸಿಸ್ ಇದೆ, ಬ್ಲೇಡಿನ ತಳ್ಳುಗೋಲು ಅದರ ನಡುವಿಗೆ ಬಂದು ಕೂರುತ್ತದೆ. ನಮ್ಮ ಮಿನಿ ಟ್ರಾಕ್ಟರುಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಚಾಸಿಸ್ ಇಲ್ಲ. ಇಂಜಿನ್, ಕ್ಲಚ್ ಪೆಟ್ಟಿಗೆ, ಗೇರುಪೆಟ್ಟಿಗೆ ಒಂದಕ್ಕೊಂದು ಬೋಲ್ಟಾಗಿ ಅದೇ ಬೆನ್ನೆಲುಬು. ಮುಂದಿನ ಬಂಪರಿಗೆ ಬ್ಲೇಡು ವೆಲ್ಡ್ ಮಾಡಿಸಿ ಕಲ್ಲಿಗೆ ಒಮ್ಮೆ ಹೊಡೆದರೆ ಪೆಟ್ಟು ಹೋಗಿ ಬೀಳುವುದು ಮುಂದಿನ ಅಚ್ಚಿನ ಆಧಾರಕ್ಕೆ, ಇಲ್ಲವೇ ಕ್ಲಚ್ ಪೆಟ್ಟಿಗೆಯ ಬೋಲ್ಟುಗಳಿಗೆ. ಮುಂದೆ ಲೋಡರ್ ಕೂರಿಸುವ ಕಂಪನಿಗಳು ಹಿಂದಿನ ಅಚ್ಚಿನವರೆಗೆ ಫ್ರೇಮು ಎಳೆಯುವುದು ಇದಕ್ಕೇ.

ಮೂರನೆಯದು ಮಣ್ಣಿನ ಗುಣ. ಹಿಮ ದೂಡಿದಷ್ಟೂ ಖಾಲಿಯಾಗುತ್ತದೆ. ನಮ್ಮ ಕೆಂಪು ಜೇಡಿ ಮಣ್ಣನ್ನು ಹಸಿಯಿದ್ದಾಗ ಚಕ್ರದಿಂದ ಕಲಕಿದಷ್ಟೂ ನಾಟಿ ಗದ್ದೆಗೆ ಹೂಟಿ ಹೊಡೆದ ಹಾಗೆ ಆಳಕ್ಕೆ ರಾಡಿಯಾಗುತ್ತದೆ. ಹೂಟಿ ಹೊಡೆಯುವುದೇ ನೀರು ಇಂಗಬಾರದು ಎಂದು. ಹಾಗಾದ ಮೇಲೆ ದಾರಿಯಲ್ಲಿ ನೀರು ಇಂಗುವುದೂ ಇಲ್ಲ, ಹರಿಯುವುದೂ ಇಲ್ಲ. ಜುಲೈಯಲ್ಲಿ ಬ್ಲೇಡಿಗೆ ಏನೂ ಕೆಲಸವಿಲ್ಲ. ಆ ತಿಂಗಳು ಹಾರೆ, ಗುದ್ದಲಿ ಹಿಡಿದು ಹೊಂಡದ ನೀರು ಬದಿಗೆ ಹೋಗುವಂತೆ ಅಲ್ಲಲ್ಲಿ ಸೀಳು ಬಿಡಿಸಿಕೊಡಿ, ಅಷ್ಟೇ.

ಬ್ಲೇಡಿನ ಕಾಲ ವರ್ಷಕ್ಕೆ ಎರಡು ಸಲ: ಕೃತ್ತಿಕೆ ಮಳೆ ಒಂದೆರಡು ಬಿದ್ದ ಮೇಲೆ ಮೃಗಶಿರಕ್ಕೆ ಮೊದಲು, ಮತ್ತೆ ಸ್ವಾತಿ ಮಳೆ ಕಳೆದ ಮೇಲೆ. ಮಣ್ಣಿನ ಹದ ನೋಡಲು ದಾರಿಯಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ. ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಪುಡಿಪುಡಿಯಾದರೆ ಒಣಗಿದೆ, ಬ್ಲೇಡು ಬರೀ ಧೂಳೆಬ್ಬಿಸುತ್ತದೆ. ಚಪಾತಿಯಂತೆ ಚಪ್ಪಟೆಯಾಗಿ ಕೂತರೆ ಇನ್ನೆರಡು ದಿನ ಕಾಯಿರಿ.

ನಿಮಗೆ ಬೇಕಾದ್ದು ಹಿಂದೆ ಹೈಡ್ರಾಲಿಕ್ಕಿಗೆ ಕಟ್ಟುವ 5 ಅಡಿಯ ಟೆರೇಸರ್ ಬ್ಲೇಡು. ಕೊಳ್ಳುವ ಮೊದಲು ಟೇಪು ಹಿಡಿದು ಟ್ರಾಕ್ಟರಿನ ಎರಡು ಕೆಳತೋಳುಗಳ ನಡುವಿನ ಅಂತರ ಅಳೆಯಿರಿ. ಕೆಳಪಿನ್ನು 22 ಮಿಲಿಮೀಟರ್, ಮೇಲಿನದು 19 ಮಿಲಿಮೀಟರ್ ಇದ್ದ ಮಾತ್ರಕ್ಕೆ ಕೂರುತ್ತದೆ ಎನ್ನುವಂತಿಲ್ಲ. ಸಣ್ಣ ಟ್ರಾಕ್ಟರುಗಳಲ್ಲಿ ಪಿನ್ನಿನ ದಪ್ಪ ಅದೇ ಇದ್ದು ಅಂತರ ಕಡಿಮೆ ಇರುವ ಜಾತಿಯೂ ಇದೆ. ಅಂಗಡಿಯವರು 'ಎಲ್ಲದಕ್ಕೂ ಆಗ್ತದೆ' ಎಂದರೆ ನಂಬಬೇಡಿ.

ಮಾಡಬೇಕಾದ್ದು ದಾರಿಗೆ ಬೆನ್ನು ಕೊಡುವ ಕೆಲಸ. 3 ಮೀಟರ್ ಅಗಲದ ದಾರಿಯ ನಡು ಅಂಚಿಗಿಂತ 6ರಿಂದ 7 ಸೆಂಟಿಮೀಟರ್ ಎತ್ತರ ಇರಬೇಕು. ಇದಕ್ಕಿಂತ ಚಪ್ಪಟೆಯಾದರೆ ನಮ್ಮ ಮಳೆಗೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಲೋಡಿನ ಗಾಡಿ ಬದಿಗೆ ಜಾರುತ್ತದೆ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಗಾರೆ ಕೆಲಸದವರ ಹತ್ತಿರ ಇರುವ ನೀರು ತುಂಬಿದ ಲೆವೆಲ್ ಪೈಪು ತಂದು 10 ಮೀಟರಿಗೊಮ್ಮೆ ನಡುವಿಗೂ ಅಂಚಿಗೂ ಹಿಡಿದು ನೋಡಿ.

ದಾರಿಯ ಹುಲ್ಲು, ದರಕು (ಒಣಗಿದ ಎಲೆ) ಎಲ್ಲ ಮೊದಲು ಕೆರೆದು ತೆಗೆಯಿರಿ. ಮಣ್ಣಿನೊಳಗೆ ಸೇರಿದರೆ ಕೊಳೆತು ಅಲ್ಲೇ ಮೆತ್ತಗಾಗುತ್ತದೆ. ಬ್ಲೇಡನ್ನು 30 ಡಿಗ್ರಿ ಓರೆ ಮಾಡಿ, ಅಂಚಿನ ಕಡೆಯ ತುದಿ ಮುಂದಿರಲಿ, ನಡುವಿನ ತುದಿ ಹಿಂದಿರಲಿ. ಆಗ ಮಣ್ಣು ಉರುಳಿ ನಡುವಿಗೆ ಬರುತ್ತದೆ. ಬಲಗಡೆಯ ಎತ್ತುಗೋಲಿನ ಹಿಡಿ ತಿರುಗಿಸಿ ಅಂಚಿನ ತುದಿಯನ್ನು 5 ಸೆಂಟಿಮೀಟರ್ ತಗ್ಗಿಸಿ. ಈಗ ಟಾಪ್ ಲಿಂಕ್, ಅಂದರೆ ಬ್ಲೇಡಿನ ತಲೆಯನ್ನು ಟ್ರಾಕ್ಟರಿಗೆ ಹಿಡಿದಿಡುವ ಮೇಲಿನ ತೋಳು: ಅದನ್ನು ಉದ್ದ ಮಾಡಿದರೆ ಬ್ಲೇಡಿನ ತಲೆ ಹಿಂದಕ್ಕೆ ವಾಲಿ ಕೆಳ ಅಂಚು ಮುಂದಕ್ಕೆ ಚಾಚಿ ಮಣ್ಣು ಕಚ್ಚುತ್ತದೆ. ಗಿಡ್ಡ ಮಾಡಿದರೆ ತಲೆ ಮುಂದಕ್ಕೆ ಬಾಗಿ ಅಂಚು ಸವರಿಕೊಂಡು ಹೋಗುತ್ತದೆ. ಕತ್ತರಿಸುವಾಗ ಉದ್ದ, ಕೊನೆಯ ನುಣುಪಿಗೆ ಗಿಡ್ಡ. ಒಂದು ಸಲಕ್ಕೆ 2–3 ಸೆಂಟಿಮೀಟರಿಗಿಂತ ಹೆಚ್ಚು ಕಚ್ಚಿಸಬೇಡಿ. ದುರಾಸೆಗೆ ಆಳ ಬಿಟ್ಟರೆ ಬ್ಲೇಡು ಏರಿಳಿದು ದಾರಿಗೆ ಅಲೆ ಅಲೆಯ ಗುರುತು ಬೀಳುತ್ತದೆ. ಆ ಅಲೆಯ ಮೇಲೆ ಮತ್ತೆ ಓಡಿಸಿದರೆ ಇನ್ನೂ ದೊಡ್ಡದಾಗುತ್ತದೆಯೇ ಹೊರತು ಹೋಗುವುದಿಲ್ಲ, ಓರೆಯಾಗಿ ಒಮ್ಮೆ ಕತ್ತರಿಸಿಯೇ ತೆಗೆಯಬೇಕು.

ಹೋಗುವಾಗ ಒಂದು ಅಂಚು, ಬರುವಾಗ ಇನ್ನೊಂದು. ನಡುವಿನಲ್ಲಿ ಬಿದ್ದ ಮಣ್ಣಿನ ಏರಿಯನ್ನು ಬ್ಲೇಡು ನೇರ ಮಾಡಿ, ಸ್ವಲ್ಪ ಎತ್ತಿ ಹಿಡಿದು ಹರಡಿ. ಕೊನೆಗೆ ಟ್ರಾಕ್ಟರನ್ನು ಪ್ರತಿ ಸಲ ಒಂದು ಚಕ್ರದ ಅಗಲದಷ್ಟು ಪಕ್ಕಕ್ಕೆ ಸರಿಸಿ ಓಡಿಸಿ ಮೆಟ್ಟಿಸಿ. ಬಾಡಿಗೆಗೆ ರೋಲರ್ ಸಿಕ್ಕರೆ ಇನ್ನೂ ಉತ್ತಮ. ಮೆಟ್ಟಿಸದೆ ಬಿಟ್ಟ ಸಡಿಲ ಮಣ್ಣು ಮೊದಲ ಜೋರು ಮಳೆಗೇ ತೋಟಕ್ಕಿಳಿಯುತ್ತದೆ.

ಪಿಕಪ್ ಬರಲೇಬೇಕು ಎನ್ನುವುದಾದರೆ ಜಲ್ಲಿ ಬೇಕು. ಪೂರ್ತಿ ಅಗಲಕ್ಕೆ 8 ಸೆಂಟಿಮೀಟರ್ ಹಾಕಿದರೆ 48 ಘನ ಮೀಟರ್, ಸುಮಾರು 17 ಬ್ರಾಸ್. ಚಕ್ರ ಓಡುವ ಎರಡು ಪಟ್ಟಿಗೆ ಮಾತ್ರ, ತಲಾ 60 ಸೆಂಟಿಮೀಟರ್ ಅಗಲಕ್ಕೆ ಹಾಕಿದರೆ 19 ಘನ ಮೀಟರ್, 7 ಬ್ರಾಸಿನೊಳಗೆ ಮುಗಿಯುತ್ತದೆ. ಪಟ್ಟಿಗೆ ಮೊದಲು 8 ಸೆಂಟಿಮೀಟರ್ ಆಳ ತೋಡಿಕೊಳ್ಳಿ. ಆದರೆ ತೋಡಿದ ಪಟ್ಟಿಯೇ ಕಾಲುವೆಯಾಗದಂತೆ 10 ಮೀಟರಿಗೊಂದು ಬದಿಗಂಡಿ ಬಿಡಬೇಕು. 40 ಮಿಲಿಮೀಟರ್ ಜಲ್ಲಿ ಹಾಕಿ, ಸಂದಿಗೆ ಚಿರೇಕಲ್ಲು ಕ್ವಾರಿಯ ಚೂರು ತುಂಬಿ ಮೆಟ್ಟಿಸಿ. ಗುಂಡು ಗುಂಡಾದ ಹೊಳೆಗಲ್ಲು ಕಚ್ಚಿಕೊಂಡು ಕೂರುವುದಿಲ್ಲ.

ಪ್ರಶ್ನೆ: ದಾರಿ ಇಳಿಜಾರಿನಲ್ಲಿದೆ. ಎಷ್ಟು ಮಣ್ಣು ಹಾಕಿದರೂ ಪ್ರತಿ ಮಳೆಗಾಲ ನಡುವಿನಲ್ಲೇ ಕೊರೆದುಕೊಂಡು ಹೋಗುತ್ತದೆ.
ಯಲ್ಲಾಪುರ ತಾಲ್ಲೂಕಿನ ಓದುಗರು

ಉತ್ತರ: ಮಣ್ಣು ಹಾಕುವುದು ನಿಲ್ಲಿಸಿ, ನೀರನ್ನು ಅಲ್ಲಲ್ಲಿ ದಾರಿಯಿಂದ ಹೊರಗೆ ಕಳಿಸಿ. 100 ಮೀಟರಿಗೆ 5 ಮೀಟರ್ ಇಳಿಯುವ ದಾರಿಗೆ 40 ಮೀಟರಿಗೊಂದು, 10 ಮೀಟರ್ ಇಳಿಯುವುದಕ್ಕೆ 20–25 ಮೀಟರಿಗೊಂದು ಅಡ್ಡ ದಿಬ್ಬ ಬೇಕು. ದಾರಿಗೆ ನೇರ ಅಡ್ಡವಾಗಿ ಅಲ್ಲ, 30 ಡಿಗ್ರಿ ಓರೆಯಾಗಿ. ನೇರ ಅಡ್ಡವಿದ್ದರೆ ನೀರು ನಿಂತು ಹೂಳು ತುಂಬಿ ಮೇಲಿಂದ ಹಾರುತ್ತದೆ. ಮೇಲುಬದಿಗೆ 15 ಸೆಂಟಿಮೀಟರ್ ತಗ್ಗು, ತೆಗೆದ ಮಣ್ಣು ಕೆಳಬದಿಗೆ ಹಾಕಿ ಮೆಟ್ಟಿದ ದಿಬ್ಬ 15 ಸೆಂಟಿಮೀಟರ್. ಗಾಡಿ ಹತ್ತಿ ಇಳಿಯುವಂತೆ ದಿಬ್ಬದ ತಲೆ ಅಗಲವಾಗಿರಲಿ.

ಆ ನೀರು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಬಾಯಿಗೆ ಕಲ್ಲು ಜೋಡಿಸಿ. ಧರೆಯ (ಕಡಿದಾದ ಮಣ್ಣಿನ ಗೋಡೆಯ) ನೆತ್ತಿಗಂತೂ ಬಿಡಲೇಬಾರದು, ಧರೆ ನೀರು ಕುಡಿದು ದಾರಿಯ ಸಮೇತ ಜಾರುತ್ತದೆ. ದಾರಿಯ ಅಡಿಯಿಂದ ದಾಟಿಸಬೇಕಾದ ಕಡೆ 30 ಸೆಂಟಿಮೀಟರಿಗಿಂತ ಕಿರಿದಾದ ಸಿಮೆಂಟ್ ಪೈಪು ಇಡಬೇಡಿ, ಒಂದು ಅಡಿಕೆ ಹಾಳೆ ಅಡ್ಡ ಬಿದ್ದರೆ ಸಾಕು ಕಟ್ಟಿಕೊಳ್ಳುತ್ತದೆ. ಪೈಪಿನ ಮೇಲೆ 45 ಸೆಂಟಿಮೀಟರಾದರೂ ಮಣ್ಣಿರಲಿ.

ಪ್ರಶ್ನೆ: ಹಿಮದ ದೇಶಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಂತೆ. ನಮ್ಮ ಅಂಗಳದ ಕಾಂಕ್ರೀಟು ಏರಿನಲ್ಲಿ ಪಾಚಿ ಕಟ್ಟಿ ಬೈಕು ಜಾರುತ್ತದೆ. ಸಾಣಿಕಟ್ಟಾ ಉಪ್ಪು ಇಲ್ಲೇ ಸಿಗುತ್ತದೆ, ಹಾಕಬಹುದೇ?
ಕುಮಟಾ ತಾಲ್ಲೂಕಿನ ಓದುಗರು

ಉತ್ತರ: ಅಲ್ಲಿ ಉಪ್ಪು ಹಾಕುವುದು ನೀರು ಹೆಪ್ಪುಗಟ್ಟುವ ಉಷ್ಣತೆ ಇಳಿಸಲು. ಸೊನ್ನೆಗಿಂತ 9–10 ಡಿಗ್ರಿ ಕೆಳಗೆ ಹೋದರೆ ಅಲ್ಲೂ ಅದರ ಆಟ ಹೆಚ್ಚು ನಡೆಯುವುದಿಲ್ಲ. ಪಾಚಿಗೆ ಉಪ್ಪು ಸ್ವಲ್ಪ ಕೆಲಸ ಮಾಡುತ್ತದೆ, ನಿಜ. ಆದರೆ ಕಾಂಕ್ರೀಟಿನೊಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ, ಹರಿದು ಅಡಿಕೆ ಬುಡ ಸೇರಿದರೆ ಸೋಗೆಯ ತುದಿ ಸುಡುತ್ತದೆ. 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಮಳೆ ಬಿಟ್ಟ ಹೊತ್ತಿನಲ್ಲಿ ಹೊಯ್ದು, 20 ನಿಮಿಷ ಬಿಟ್ಟು ತೆಂಗಿನ ಕಡ್ಡಿಯ ಹಿಡಿಯಿಂದ ಉಜ್ಜಿ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಜೊತೆಗೆ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ತೊಳೆದ ನೀರು ಬಾವಿಯತ್ತ ಹೋಗದಿರಲಿ. ಶಾಶ್ವತ ಉಪಾಯವೆಂದರೆ ಕಟರ್ ಯಂತ್ರದಿಂದ ಏರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಲ್ಲಿ, ಒಂದು ಸೆಂಟಿಮೀಟರ್ ಆಳದ ಗೀರು ಹಾಕಿಸುವುದು.

ಪ್ರಶ್ನೆ: ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಮನೆ. ಟ್ರಾಕ್ಟರಿನ ಬ್ಲೇಡು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು ತಿರುಗುವ ಪಿನ್ನು ಅಲ್ಲಾಡುವುದಿಲ್ಲ.
ಮಾಜಾಳಿ, ಕಾರವಾರ

ಉತ್ತರ: ಉಪ್ಪುಗಾಳಿಗೆ ಬಣ್ಣವೊಂದೇ ಸಾಲದು. ಕೆಲಸ ಮುಗಿದ ದಿನವೇ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಹಳೆ ಇಂಜಿನ್ ಆಯಿಲಿಗೆ ಅಷ್ಟೇ ಡೀಸೆಲ್ ಬೆರೆಸಿ ಬ್ಲೇಡಿನ ಮುಖಕ್ಕೆ ಬಳಿಯಿರಿ. ತಿರುಗುವ ಪಿನ್ನನ್ನು ಪೂರ್ತಿ ಹೊರತೆಗೆದು, ಮರಳುಕಾಗದದಿಂದ ಉಜ್ಜಿ, ಗ್ರೀಸು ಹಚ್ಚಿ ಮತ್ತೆ ಹಾಕಿ. ಹೊರಗಿನಿಂದ ಗ್ರೀಸು ಮೆತ್ತಿದರೆ ಒಳಗೆ ಹೋಗುವುದಿಲ್ಲ. ಈಗಲೇ ಹಿಡಿದುಕೊಂಡಿದ್ದರೆ ಸುತ್ತಿಗೆಯಿಂದ ಪಿನ್ನಿನ ತಲೆಗೆ ಹೊಡೆಯಬೇಡಿ, ಅರಳಿ ಇನ್ನೂ ಬಿಗಿಯಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ರಾತ್ರಿಯಿಡೀ ಬಿಟ್ಟು, ಪಿನ್ನು ಕೂತ ಬುಶ್ಶಿನ ಹೊರಮೈಗೆ ಸುತ್ತಲೂ ಹಗುರವಾಗಿ ತಟ್ಟಿ.

ಬ್ಲೇಡನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡಿ. ಬೋಲ್ಟಾಗಿ ಕೂರುವ ಕೆಳ ಅಂಚಿನ ಪಟ್ಟಿಯನ್ನು ಹೆಚ್ಚಿನ ಬ್ಲೇಡುಗಳಲ್ಲಿ ತಿರುಗಿಸಿ ಹಾಕಬಹುದು. ಸವೆತ ಬೋಲ್ಟಿನ ತಲೆಗೆ ಒಂದು ಸೆಂಟಿಮೀಟರ್ ಹತ್ತಿರ ಬಂದಾಗ ತಿರುಗಿಸಿ. ತಡ ಮಾಡಿದರೆ ಬೋಲ್ಟಿನ ತಲೆಯೇ ಸವೆದು, ಬಿಚ್ಚಲು ಗ್ಯಾಸ್ ಕಟಿಂಗಿನವರನ್ನು ಕರೆಯಬೇಕಾಗುತ್ತದೆ.